ಅಬಲೂರಿನ ಸರ್ವಜ್ಞ ಮತ್ತು ಜ್ಞಾನೋಕ್ತಿಗಳ ಅರಸ

ಇಸ್ರಾಯೇಲಿನ ಅರಸ ಸೊಲೊಮೋನನು ಪಟ್ಟಕ್ಕೆ ಬಂದ ಹೊಸದರಲ್ಲಿ ಗಿಬ್ಯೋನ್ ಎಂಬ ಊರಿನ ಗುಡ್ಡದ ಮೇಲೆ ಸಾವಿರ ಬಲಿಗಳನ್ನು ಅರ್ಪಿಸಿದನು. ಆ ರಾತ್ರಿ ದೇವರು ಕನಸಿನಲ್ಲಿ ಕಾಣಿಸಿಕೊಂಡು ಬೇಕಾದ ವರ ಕೇಳು ಎಂದನೆಂದು ಬೈಬಲಿನ ಅರಸುಗಳ ಚರಿತ್ರೆ ಹೇಳುತ್ತದೆ. ತಂದೆ ದಾವೀದನ ದೊಡ್ಡ ರಾಜ್ಯ ಕೈಗೆ ಬಂದಿತ್ತು, ವಯಸ್ಸು ಇನ್ನೂ ಎಳೆಯದು. ಅವನು ದೀರ್ಘಾಯುಷ್ಯವನ್ನಾಗಲಿ, ಐಶ್ವರ್ಯವನ್ನಾಗಲಿ, ಹಗೆಗಳ ಸಾವನ್ನಾಗಲಿ ಕೇಳಲಿಲ್ಲ. ಪ್ರಜೆಗಳಿಗೆ ನ್ಯಾಯ ಹೇಳಲು ಒಳಿತು ಕೆಡುಕುಗಳನ್ನು ಬೇರ್ಪಡಿಸಿ ನೋಡುವ ಮನಸ್ಸು ಬೇಕೆಂದನು. ಆ ಬೇಡಿಕೆಗೆ ಮೆಚ್ಚಿದ ದೇವರು ಕೇಳಿದ ವಿವೇಕದ ಜೊತೆಗೆ ಕೇಳದ ಸಿರಿಯನ್ನೂ ಕೊಟ್ಟನು.

ವರದ ಪರೀಕ್ಷೆ ಬೇಗನೆ ಬಂತು. ಒಂದೇ ಮನೆಯಲ್ಲಿದ್ದ ಇಬ್ಬರು ಹೆಂಗಸರು ಒಂದು ಕೂಸನ್ನು ಹಿಡಿದುಕೊಂಡು ಅರಸನೆದುರು ನಿಂತರು. ಇಬ್ಬರೂ ಹೆತ್ತವರು, ಒಂದು ಕೂಸು ರಾತ್ರಿ ಸತ್ತಿತ್ತು, ಬದುಕಿದ್ದು ತನ್ನದೆಂದು ಇಬ್ಬರೂ ಹಟ ಹಿಡಿದಿದ್ದರು. ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ. ಕತ್ತಿ ತರಿಸಿದ ಸೊಲೊಮೋನನು ಕೂಸನ್ನು ಸೀಳಿ ಸಮಪಾಲು ಮಾಡಿರೆಂದು ಅಪ್ಪಣೆ ಕೊಟ್ಟಾಗ, ಕೂಸು ಅವಳಿಗೇ ಇರಲಿ, ಕೊಲ್ಲಬೇಡಿರಿ ಎಂದು ಒಬ್ಬಳು ಕೂಗಿಕೊಂಡಳು. ತಾಯಿ ಯಾರೆಂದು ತಿಳಿಯಿತು. ಸೊಲೊಮೋನನ ಆಳ್ವಿಕೆಯನ್ನು ಸಾಮಾನ್ಯವಾಗಿ ಕ್ರಿಸ್ತಪೂರ್ವ ಸುಮಾರು 970ರಿಂದ 931ರವರೆಗೆ ಎಂದು ಎಣಿಸುತ್ತಾರೆ. ಅವನು ಮೂರು ಸಾವಿರ ಗಾದೆಮಾತುಗಳನ್ನೂ ಸಾವಿರದ ಐದು ಹಾಡುಗಳನ್ನೂ ನುಡಿದನೆಂದು, ದೇವದಾರುವಿನಿಂದ ಹಿಡಿದು ಗೋಡೆಯ ಸಂದಿನ ಗಿಡದವರೆಗೆ ಎಲ್ಲ ಮರಗಿಡಗಳ, ಪ್ರಾಣಿಪಕ್ಷಿಗಳ ವಿಷಯ ಬಲ್ಲವನಾಗಿದ್ದನೆಂದು ಅದೇ ಗ್ರಂಥ ಹೊಗಳುತ್ತದೆ. ಶೆಬದ ರಾಣಿ ಒಗಟುಗಳಿಂದ ಅವನನ್ನು ಪರೀಕ್ಷಿಸಲೆಂದೇ ದೂರದಿಂದ ಬಂದಳು. ಕನ್ನಡ ಬೈಬಲಿನಲ್ಲಿ ‘ಜ್ಞಾನೋಕ್ತಿಗಳು’ ಎಂಬ ಹೆಸರಿನ ಪುಸ್ತಕ ಅವನ ಹೆಸರಿನಲ್ಲೇ ತೊಡಗುತ್ತದೆ.

ದೇವರ ವರದಿಂದ ವಿವೇಕ ಪಡೆದು, ಬದುಕಿನ ಎಲ್ಲ ಮೂಲೆಗಳ ಬಗ್ಗೆ ಚಿಕ್ಕ ಚಿಕ್ಕ ಮಾತುಗಳನ್ನು ಬಿಟ್ಟುಹೋದವನ ಕಥೆ ಈಗಿನ ಹಾವೇರಿ ಜಿಲ್ಲೆಗೂ ಹೊಸದಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆಯಾಗುವ ಮೊದಲು ಧಾರವಾಡ ಜಿಲ್ಲೆಯಲ್ಲಿದ್ದವು. ಮಲೆನಾಡಿನ ಸೆರಗಿನಿಂದ ಬಯಲುಸೀಮೆಯವರೆಗೆ ಹರಡಿರುವ ಈ ನೆಲ ಅರಸನನ್ನು ನೆನೆಯುವುದಕ್ಕಿಂತ ಹೆಚ್ಚಾಗಿ ಅನುಭಾವಿಗಳನ್ನು ನೆನೆಯುತ್ತದೆ. ಅವರಲ್ಲಿ ಸೊಲೊಮೋನನಿಗೆ ಅತಿ ಹತ್ತಿರ ನಿಲ್ಲುವವನು ಕೈಯಲ್ಲಿ ಭಿಕ್ಷಾಪಾತ್ರೆ ಹಿಡಿದ ಸರ್ವಜ್ಞ.

ಸರ್ವಜ್ಞನ ಹೆಸರಿನೊಡನೆ ಕೂಡಿಕೊಂಡ ಊರುಗಳು ಎರಡು: ಅಬಲೂರು ಮತ್ತು ಮಾಸೂರು, ಎರಡೂ ಹಿಂದಿನಿಂದ ಹಿರೇಕೆರೂರು ಸೀಮೆಯವು. ಅಬಲೂರು ಅವನಿಗಿಂತ ಎಷ್ಟೋ ಮೊದಲೇ ಇತಿಹಾಸಕ್ಕೆ ಸೇರಿದ ಊರು. ಅಲ್ಲಿಯ ಸೋಮೇಶ್ವರ ದೇವಾಲಯದ ಸುಮಾರು 1200ರ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಜೈನರೊಡನೆ ವಾದಕ್ಕಿಳಿದ ರಾಮಯ್ಯ ತನ್ನ ತಲೆಯನ್ನೇ ಅರಿದು ಶಿವನಿಗೆ ಒಪ್ಪಿಸಿ ಮತ್ತೆ ಪಡೆದನೆಂಬುದು ಅದರ ಸಾರ. ಕಳಚುರಿ ಬಿಜ್ಜಳ, ಚಾಲುಕ್ಯ ನಾಲ್ಕನೆಯ ಸೋಮೇಶ್ವರ, ಹಾನಗಲ್ಲ ಕದಂಬರ ಕಾಮದೇವ ಈ ಮೂವರೂ ದತ್ತಿ ಕೊಟ್ಟರೆಂಬ ಮಾತು ಶಾಸನದಲ್ಲಿದೆ. ಹಾನಗಲ್ಲು ಆಗ ಪಾನುಂಗಲ್ಲು. ಐನೂರು ಊರುಗಳ ನಾಡಿಗೆ ಅದೇ ರಾಜಧಾನಿ. ಪವಾಡವನ್ನು ನಂಬುವುದು ಬಿಡುವುದು ಬೇರೆ ಮಾತು. ಶಿವನ ಹೆಸರಿನಲ್ಲಿ ಎದೆಗೊಟ್ಟು ವಾದಿಸುವ ಗುಣ ಅಬಲೂರಿನ ಮಣ್ಣಿಗೆ ಅಷ್ಟು ಹಿಂದಿನಿಂದ ಅಂಟಿತ್ತು ಎಂಬುದಕ್ಕಾದರೂ ಈ ಶಾಸನ ಸಾಕ್ಷಿ.

ವಿಜಯನಗರದ ಕಾಲಕ್ಕೆ ಬಂದರೆ ಶಿಗ್ಗಾಂವಿ ತಾಲ್ಲೂಕಿನ ಬಾಡ ಕಣ್ಣಿಗೆ ಬೀಳುತ್ತದೆ. ಕನಕದಾಸರು ಹುಟ್ಟಿದ ಊರು ಅದು. ತಂದೆ ಬೀರಪ್ಪ, ತಾಯಿ ಬಚ್ಚಮ್ಮ, ಹುಟ್ಟುಹೆಸರು ತಿಮ್ಮಪ್ಪ. ಕುರುಬ ಮನೆತನದ ಈ ನಾಯಕನಿಗೆ ನೆಲದಲ್ಲಿ ಹೂತಿದ್ದ ಹೊನ್ನು ಸಿಕ್ಕಿತೆಂದು, ಅದರಿಂದಲೇ ಕನಕನಾಯಕನೆಂಬ ಹೆಸರು ಬಂತೆಂದು, ಆ ಹೊನ್ನು ದಾನಧರ್ಮಕ್ಕೂ ಕಾಗಿನೆಲೆಯ ಆದಿಕೇಶವನ ಗುಡಿಗೂ ಸಂದಿತೆಂದು ಪ್ರತೀತಿ. ಕಾಳಗದಲ್ಲಿ ಗಾಯಗೊಂಡು ಬಿದ್ದಾಗ ಕೇಶವನ ಕರೆ ಕೇಳಿ ಅಧಿಕಾರ ಬಿಟ್ಟರೆಂದು ಮುಂದಿನ ಕಥೆ. ಸೊಲೊಮೋನನಿಗೆ ವಿವೇಕದ ಹಿಂದೆ ಸಿರಿ ಬಂತು. ಕನಕರಿಗೆ ಸಿರಿ ಮೊದಲು ಬಂತು, ಅದು ಕಳಚಿದ ಮೇಲೆ ವಿವೇಕ.

ಸೊಲೊಮೋನನ ತೀರ್ಪಿಗೆ ಸರಿಜೋಡಿ ಹುಡುಕುವುದಾದರೆ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಭಾಮಿನಿ ಷಟ್ಪದಿಯ ಈ ಪುಟ್ಟ ಕಾವ್ಯದಲ್ಲಿ ಲಂಕೆಯಿಂದ ಮರಳುವ ರಾಮನಿಗೆ ಋಷಿಗಳ ಆಶ್ರಮದಲ್ಲಿ ಬಗೆಬಗೆಯ ಧಾನ್ಯಗಳ ಅಡುಗೆ ಬಡಿಸುತ್ತಾರೆ. ಯಾವ ಧಾನ್ಯ ಮೇಲು ಎಂಬ ಮಾತು ಬಂದಾಗ ಗೌತಮ ಋಷಿ ನರೆದಲೆಗವನ್ನು, ಎಂದರೆ ರಾಗಿಯನ್ನು ಹೊಗಳುತ್ತಾನೆ. ವ್ರೀಹಿ ಎನಿಸಿಕೊಂಡ ನೆಲ್ಲು ಸಿಡಿದೇಳುತ್ತದೆ. ದೇವರ ನೈವೇದ್ಯಕ್ಕೆ, ಮದುವೆಯ ಅಕ್ಷತೆಗೆ ಸಲ್ಲುವ ತನಗೆ ಬಡವರ ಹಿಟ್ಟು ಸಮವೇ ಎಂದು ಕೇಳುತ್ತದೆ. ಬರಗಾಲದಲ್ಲಿ ಜೀವ ಉಳಿಸುವವರು ಯಾರು ಎಂದು ರಾಗಿ ತಿರುಗಿ ಕೇಳುತ್ತದೆ. ಜಗಳ ಕುಲದ ಮಾತಿಗೆ ಇಳಿದಾಗ ರಾಮ ತೀರ್ಪು ಹೇಳದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರತಂದಾಗ ನೆಲ್ಲು ಕಳೆಗುಂದಿದೆ, ರಾಗಿ ಇದ್ದಂತೆಯೇ ಇದೆ. ರಾಘವ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಗಿಬ್ಯೋನಿನ ಕನಸು ಕಂಡ ಅರಸ ಕತ್ತಿಯನ್ನು ತೋರಿಸಿ ಸತ್ಯ ಹೊರಡಿಸಿದ. ಇಲ್ಲಿಯ ರಾಮ ಕಾಲವನ್ನೇ ಸಾಕ್ಷಿಗೆ ಕರೆದ. ವಾದಿಗಳ ಮಾತನ್ನು ಬದಿಗಿಟ್ಟು ಅವರ ಒಳಗಿನ ಗುಣ ತಾನಾಗಿ ಹೊರಬರುವಂತೆ ಮಾಡುವ ಉಪಾಯ ಎರಡೂ ಕಡೆ ಒಂದೇ. ಕನಕರ ನ್ಯಾಯ ಒಂದು ಮನೆಯ ಕೂಸಿಗಷ್ಟೇ ನಿಲ್ಲದೆ ಕುಲದ ಹೆಮ್ಮೆಯನ್ನೇ ಕಟಕಟೆಗೆ ತಂದಿತೆಂಬುದು ಅದರ ಹೆಚ್ಚುಗಾರಿಕೆ.

ಸೊಲೊಮೋನನ ಹೆಸರು ಈ ಸೀಮೆಗೆ ಕ್ರೈಸ್ತ ಪಾದ್ರಿಗಳಿಗಿಂತ ಮೊದಲೇ ಬಂದಿತ್ತು. ಔರಂಗಜೇಬನ ಕಾಲದಲ್ಲಿ ನೆಲೆಗೊಂಡು 1948ರಲ್ಲಿ ವಿಲೀನವಾಗುವವರೆಗೆ ಸವಣೂರು ಪಠಾಣ ನವಾಬರ ಸಂಸ್ಥಾನವಾಗಿತ್ತು. ಕುರಾನಿನಲ್ಲಿ ಅದೇ ಅರಸ ಪ್ರವಾದಿ ಸುಲೈಮಾನ್. ರಾತ್ರಿ ಹೊತ್ತು ಯಾರದೋ ಕುರಿಗಳು ಇನ್ನಾರದೋ ಹೊಲಕ್ಕೆ ನುಗ್ಗಿ ಪೈರು ಮೇಯ್ದ ವ್ಯಾಜ್ಯವನ್ನು ದಾವೂದನೂ ಸುಲೈಮಾನನೂ ವಿಚಾರಿಸಿದರೆಂದು, ಸರಿಯಾದ ಬಗೆಯನ್ನು ದೇವರು ಸುಲೈಮಾನನಿಗೆ ತಿಳಿಸಿದನೆಂದು ಅಲ್ಲಿ ಬರುತ್ತದೆ. ಭಾಷ್ಯಕಾರರು ವಿವರಿಸುವಂತೆ, ತಂದೆ ಕುರಿಗಳನ್ನೇ ಹೊಲದವನಿಗೆ ಕೊಡಿಸಲು ಹೊರಟಿದ್ದ. ಪೈರು ಮೊದಲಿನಂತಾಗುವವರೆಗೆ ಕುರಿಯವನು ಹೊಲ ನೋಡಿಕೊಳ್ಳಲಿ, ಅಷ್ಟು ದಿನ ಕುರಿಗಳ ಹಾಲು ಉಣ್ಣೆ ಹೊಲದವನಿಗಿರಲಿ, ಆಮೇಲೆ ಅವರವರದು ಅವರವರಿಗೆ ಎಂದು ಮಗ ಹೇಳಿದ. ಕುರಿ ಸಾಕುವವರೂ ಹೊಲ ಮಾಡುವವರೂ ಒಂದೇ ಊರಿನಲ್ಲಿ ಬದುಕುವ ಈ ಸೀಮೆಯಲ್ಲಿ ಇಂಥ ತೀರ್ಪಿನ ಬೆಲೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಸಂತ ಶರೀಫರು (1819–1889) ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯರಾಗಿ, ಕನ್ನಡದಲ್ಲಿ ತತ್ವಪದ ಹಾಡಿದ್ದೂ ಇದೇ ನೆಲದ ಮೇಲೆ.

ಕನಕರಿಗೂ ಶರೀಫರಿಗೂ ನಡುವಿನ ಕಾಲದಲ್ಲಿ ಸರ್ವಜ್ಞ ಬರುತ್ತಾನೆ. ಅವನ ಕಾಲವನ್ನು ವಿದ್ವಾಂಸರು ಹದಿನಾರು, ಹದಿನೇಳನೆಯ ಶತಮಾನಗಳ ನಡುವೆ ಇಡುತ್ತಾರೆ. ಅವನ ಹುಟ್ಟಿನ ಕಥೆ ಅವನ ಅಂಕಿತವಿರುವ ತ್ರಿಪದಿಗಳಲ್ಲೇ ಸಿಗುತ್ತದೆ. ಮಾಸೂರಿನ ಬಸವರಸನಿಗೆ ಮಕ್ಕಳಿರಲಿಲ್ಲ. ಕಾಶಿಗೆ ಹೋಗಿ ವಿಶ್ವನಾಥನ ವರ ಪಡೆದು ಮರಳುವಾಗ ಅಬಲೂರಿನಲ್ಲಿ ಕುಂಬಾರರ ಮನೆಯಲ್ಲಿ ತಂಗಿದ. ಅಲ್ಲಿಯ ಮಾಳಿ ಎಂಬವಳಲ್ಲಿ ಹುಟ್ಟಿದ ಮಗುವೇ ಪುಷ್ಪದತ್ತ, ಮುಂದೆ ಸರ್ವಜ್ಞ. ಹುಡುಗ ಎಳವೆಯಲ್ಲೇ ದಿಟ್ಟ ಮಾತಾಡಿ ಮನೆಯಿಂದ ಹೊರಬಿದ್ದ, ಊರೂರು ತಿರುಗಿ ಭಿಕ್ಷೆ ಬೇಡಿ ಬದುಕಿದ. ಈ ಕಥೆಯ ಪ್ರಕಾರ ಅವನ ಜ್ಞಾನ ಶಿವನ ವರ, ಹುಟ್ಟಿನೊಂದಿಗೇ ಬಂದದ್ದು.

ಆದರೆ ಅದೇ ಅಂಕಿತದ ಇನ್ನೊಂದು ತ್ರಿಪದಿ, ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಬರುವಂಥದ್ದು, ಬೇರೆಯೇ ಲೆಕ್ಕ ಕೊಡುತ್ತದೆ. ಸರ್ವಜ್ಞನಾದದ್ದು ಸೊಕ್ಕಿನಿಂದಲ್ಲ, ಸಿಕ್ಕ ಸಿಕ್ಕವರಿಂದ ಒಂದೊಂದು ಮಾತು ಕಲಿತು ಗುಡ್ಡದಷ್ಟು ವಿದ್ಯೆ ಕೂಡಿಹಾಕಿದ್ದರಿಂದ ಎಂಬುದು ಅದರ ತಾತ್ಪರ್ಯ. ಹುಟ್ಟಿನ ಕಥೆಯ ತ್ರಿಪದಿಗಳ ಧಾಟಿ ಪುರಾಣದ್ದು. ಈ ತ್ರಿಪದಿಯ ಧಾಟಿ ಊರೂರು ಅಲೆದವನ ಸ್ವಂತ ಅನುಭವದ್ದು. ಎರಡರಲ್ಲಿ ಯಾವುದು ಸರ್ವಜ್ಞನ ದನಿಗೆ ಹತ್ತಿರವೆಂದು ಕೇಳಿದರೆ ಎರಡನೆಯದನ್ನೇ ಆಯ್ದುಕೊಳ್ಳಬೇಕಾಗುತ್ತದೆ.

ಅವನು ಹಿಡಿದ ಛಂದಸ್ಸೂ ಜನರದ್ದೇ. ತ್ರಿಪದಿಗೆ ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯ ಚರಿತ್ರೆಯಿದೆ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿಕೊಂಡು ಬಂದದ್ದೂ ಅದನ್ನೇ. ಮೂರೇ ಸಾಲು; ಕೊನೆಗೆ ಸರ್ವಜ್ಞ ಎಂಬ ಅಂಕಿತ. ಬರೆದಿಟ್ಟುಕೊಳ್ಳದಿದ್ದರೂ ನೆನಪಿನಲ್ಲಿ ನಿಲ್ಲುವ ಅಳತೆ ಅದು. ಇದರೊಳಗೆ ಅವನು ಹೇಳದ ವಿಷಯವಿಲ್ಲ: ಗುರು, ದಾನ, ಸಾಲ, ಬೇಸಾಯ, ಮಳೆ, ಊಟ, ಮದ್ದು, ವ್ಯಾಪಾರ, ಸಂಸಾರ, ಒಗಟು. ನೇಗಿಲ ವಿದ್ಯೆಯನ್ನು ಉಳಿದ ಎಲ್ಲ ವಿದ್ಯೆಗಳಿಗಿಂತ ಮೇಲಿಟ್ಟ. ಒಂದೇ ನೆಲವನ್ನು ತುಳಿದು, ಒಂದೇ ನೀರನ್ನು ಕುಡಿದು ಬದುಕುವವರ ನಡುವೆ ಜಾತಿ ಎಲ್ಲಿಂದ ಬಂತೆಂದು ಕೇಳಿದ. ಕೀಳೆಂದು ದೂರವಿಟ್ಟವರ ಮನೆಯ ದೀಪದ ಬೆಳಕೂ ಕೀಳೇ ಎಂದು ಕೇಳುವಾಗ ಅವನ ದನಿ ಕನಕರ ದನಿಯ ಪಕ್ಕಕ್ಕೆ ಬಂದು ನಿಲ್ಲುತ್ತದೆ.

ಜ್ಞಾನೋಕ್ತಿಗಳನ್ನು ಓದಿ ಸರ್ವಜ್ಞನನ್ನು ಓದಿದವರಿಗೆ ಹಲವು ಕಡೆ ಹಿಂದೆ ಕೇಳಿದ ಮಾತನ್ನೇ ಕೇಳಿದಂತಾಗುತ್ತದೆ. ಸಾಲ ಮಾಡಿದವನು ಸಾಲ ಕೊಟ್ಟವನಿಗೆ ಆಳು ಎಂದು ಅಲ್ಲಿದ್ದರೆ, ಕೈಗೆ ಬರುವಾಗ ಹಿತವಾಗಿ ತೀರಿಸುವಾಗ ನೋಯಿಸುವ ಸಾಲದ ಚಿತ್ರ ಇಲ್ಲಿದೆ. ಸೋಮಾರಿಯನ್ನು ಅಲ್ಲಿ ಇರುವೆಯ ಹತ್ತಿರ ಪಾಠಕ್ಕೆ ಕಳಿಸುತ್ತಾರೆ, ಇಲ್ಲಿ ಹೊಲಕ್ಕೆ. ಗುಣವತಿಯಾದ ಹೆಂಡತಿಯ ಹೊಗಳಿಕೆ ಎರಡು ಕಡೆಯೂ ಉಂಟು. ಒಂದು ಇನ್ನೊಂದರಿಂದ ಬಂತೆಂದು ಇದರಿಂದ ಹೇಳಲಾಗದು. ಬೇಸಾಯ, ಕುಟುಂಬ, ಸಂತೆಗಳನ್ನು ನೆಚ್ಚಿದ ಸಮಾಜಗಳಿಗೆ ಬೇಕಾಗುವ ಎಚ್ಚರಿಕೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಆಡುವವನು ನಿಂತ ಜಾಗ. ಜ್ಞಾನೋಕ್ತಿಗಳ ಬಹುಭಾಗದಲ್ಲಿ ತಂದೆ ಮಗನಿಗೆ, ಹಿರಿಯ ಕಿರಿಯನಿಗೆ ಬುದ್ಧಿ ಹೇಳುತ್ತಾನೆ. ಅರಮನೆಯ ಊಟದ ಪಂಕ್ತಿಯಲ್ಲಿ ಹೇಗೆ ಕೂರಬೇಕೆಂಬುದೂ ಅದರಲ್ಲಿದೆ. ಸರ್ವಜ್ಞ ಬಾಗಿಲ ಹೊರಗೆ ನಿಂತು ಮಾತಾಡುತ್ತಾನೆ. ಕೈಯಲ್ಲಿ ತಿರುಪೆಯ ಪಾತ್ರೆ, ಎದುರಿಗೆ ವಿಶಾಲವಾದ ನಾಡು, ಮೇಲೆ ಶಿವ ಇರುವಾಗ ತನಗೆ ಸಮಾನ ಸಿರಿವಂತ ಯಾರೆಂಬುದು ಅವನ ನಿಲುವು. ಸೊಲೊಮೋನನ ಕೊನೆಗಾಲ ಬೈಬಲಿನಲ್ಲೇ ಬೇರೆ ಬಣ್ಣದ್ದು. ತೆರಿಗೆ ಮತ್ತು ಬಿಟ್ಟಿ ದುಡಿಮೆಯಿಂದ ಜನ ಬಳಲಿದ್ದರು. ಹೊರೆ ಇಳಿಸೆಂದು ಕೇಳಿದವರಿಗೆ ಮಗ ರೆಹಬ್ಬಾಮ ಒರಟಾಗಿ ಉತ್ತರ ಕೊಟ್ಟಾಗ ರಾಜ್ಯ ಎರಡಾಗಿ ಒಡೆಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡು ಧಾರೆಗಳು ಕನ್ನಡದಲ್ಲೇ ಮುಖಾಮುಖಿಯಾದವು. ಮೈಸೂರು ಸೀಮೆಯಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ದಕ್ಷಿಣದ ನೀತಿಕವಿಗಳನ್ನು ಹೆಸರಿಸುವಾಗ ತಿರುವಳ್ಳುವರ್, ವೇಮನರೊಡನೆ ಸರ್ವಜ್ಞನನ್ನೂ ಸೇರಿಸಿದ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಮೊದಲಾದವರ ದುಡಿಮೆಯಿಂದ ಬೈಬಲ್ ಕನ್ನಡಕ್ಕೆ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮೂರು ವರ್ಷಗಳಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಕಾಲಿಟ್ಟಿತು. ಆ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಹೊರತಂದ ನಿಘಂಟಿನಲ್ಲಿ ಶಬ್ದಗಳಿಗೆ ಆಧಾರವಾಗಿ ಸರ್ವಜ್ಞನ ತ್ರಿಪದಿಗಳೂ ಬರುತ್ತವೆ.

ಆದರೂ ಸರ್ವಜ್ಞನ ಮಾತುಗಳೆಲ್ಲ ಒಂದೆಡೆ ಸೇರಿರಲಿಲ್ಲ. ಆ ಕೆಲಸಕ್ಕೆ ಹೆಗಲು ಕೊಟ್ಟವರು ಬಾಸೆಲ್ ಮಿಷನ್ನಿನ ಉಪದೇಶಕರಾದ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದ ಕ್ರೈಸ್ತ ಮನೆಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೈವಜ್ಞಾನದ ಶಿಕ್ಷಣ ಪಡೆದ ಇವರು ಬೋಧನೆಗಾಗಿ ಹಳ್ಳಿ ಹಳ್ಳಿ ಸುತ್ತಿದವರು. ಸುವಾರ್ತೆ ಹೇಳಲು ಹೋದವರಿಗೆ ಹಳ್ಳಿಯವರ ಬಾಯಲ್ಲಿ ಮಾತುಮಾತಿಗೆ ಸರ್ವಜ್ಞ ಕೇಳಿಸಿದ. ಎದುರಾಳಿಯ ಮಾತೆಂದು ಅದನ್ನು ತಳ್ಳಿಹಾಕದೆ ಕೈಬರಹದ ಪ್ರತಿಗಳಿಂದಲೂ ಜನರ ಬಾಯಿಂದಲೂ ಹೆಕ್ಕಿ, ಪಾಠಗಳನ್ನು ಹೋಲಿಸಿ, ವಿಷಯವಾರು ಜೋಡಿಸಿ, ಕವಿಯ ಕಾಲ ಬದುಕುಗಳ ವಿಚಾರ ಬರೆದು 1924ರಲ್ಲಿ ‘ಸರ್ವಜ್ಞನ ವಚನಗಳು’ ಪ್ರಕಟಿಸಿದರು. ಇಂದು ಸರ್ವಜ್ಞನ ಹೆಸರಿಗೆ ಸಲ್ಲುವ ಸುಮಾರು ಎರಡು ಸಾವಿರ ತ್ರಿಪದಿಗಳ ಅಡಿಪಾಯ ಆ ಪುಸ್ತಕ. ಬೈಬಲನ್ನೇ ಉಸಿರಾಗಿ ಬದುಕಿದ ಒಬ್ಬ ಪಾದ್ರಿ ಶಿವಭಕ್ತ ಕವಿಯ ಬಿಡಿಮಾತುಗಳಿಗಾಗಿ ಇಷ್ಟು ದಣಿದದ್ದು ಕನ್ನಡ ಸಂಸ್ಕೃತಿಯ ಅತ್ಯಂತ ಹೃದಯಸ್ಪರ್ಶಿ ಘಟನೆಗಳಲ್ಲಿ ಒಂದು.

ಬೈಬಲ್ ಬಲ್ಲ ಚನ್ನಪ್ಪನವರಿಗೆ ಈ ಕೆಲಸದ ಪೂರ್ವಿಕರು ಯಾರೆಂಬುದು ತಿಳಿಯದ ಸಂಗತಿಯಾಗಿರಲಿಲ್ಲ. ಜ್ಞಾನೋಕ್ತಿಗಳ ಇಪ್ಪತ್ತೈದನೆಯ ಅಧ್ಯಾಯದ ಮೊದಲ ವಾಕ್ಯ, ಅಲ್ಲಿಂದ ಮುಂದಿನವು ಯೆಹೂದದ ಅರಸ ಹಿಜ್ಕೀಯನ ಕಡೆಯವರು ನಕಲು ಮಾಡಿದ ಸೊಲೊಮೋನನ ಮಾತುಗಳೆಂದು ತಿಳಿಸುತ್ತದೆ. ಹಿಜ್ಕೀಯನಿದ್ದದ್ದು ಸೊಲೊಮೋನ ತೀರಿಕೊಂಡು ಇನ್ನೂರು ವರ್ಷಗಳಾದ ಮೇಲೆ. ಅಷ್ಟು ಕಾಲ ಆ ಮಾತುಗಳು ಹೆಸರಿಲ್ಲದ ಬಾಯಿಗಳಲ್ಲಿ, ಹೆಸರಿಲ್ಲದ ಲಿಪಿಕಾರರ ಕೈಯಲ್ಲಿ ಉಳಿದಿದ್ದವು. ಅದೇ ಪುಸ್ತಕದ ಕೊನೆಯಲ್ಲಿ ಆಗೂರ, ಲೆಮೂವೇಲ ಎಂಬ ಬೇರೆಯವರ ಮಾತುಗಳಿವೆ. ಲೆಮೂವೇಲನವು ಅವನ ತಾಯಿ ಕಲಿಸಿದವು. ಸರ್ವಜ್ಞನ ಸಂಗ್ರಹ ಹೊರಬಂದ 1924ರಲ್ಲೇ ಜರ್ಮನ್ ವಿದ್ವಾಂಸ ಅಡಾಲ್ಫ್ ಎರ್ಮನ್, ಜ್ಞಾನೋಕ್ತಿಗಳ ಒಂದು ಭಾಗ ಈಜಿಪ್ಟಿನ ಆಮೆನೆಮೋಪೆಯ ನೀತಿಬೋಧೆಯನ್ನು ಹತ್ತಿರದಿಂದ ಹೋಲುತ್ತದೆಂದು ತೋರಿಸಿದ. ದೇವರ ವರವೆಂದು ಒಬ್ಬ ಅರಸನ ಹೆಸರಿನಲ್ಲಿ ಕೂಡಿಬಂದದ್ದರೊಳಗೆ ಹಲವು ನಾಡುಗಳ, ಹಲವು ಮನೆಗಳ ತಿಳಿವಳಿಕೆ ಬೆರೆತಿತ್ತು. ಸರ್ವಜ್ಞನ ವಿಷಯದಲ್ಲೂ ಸಂಗ್ರಹಕಾರರಿಗೆ ಎದುರಾದದ್ದು ಇದೇ ತೊಡಕು. ಯಾವುದು ಅವನದು, ಯಾವುದು ಅವನ ಅಂಕಿತ ಹೊತ್ತು ಆಮೇಲೆ ಸೇರಿದ್ದು ಎಂದು ಬಿಡಿಸುವುದು ಎಷ್ಟೋ ಕಡೆ ಆಗದ ಮಾತು.

ಚನ್ನಪ್ಪನವರ ದುಡಿಮೆ ಈ ಸಂಗ್ರಹವೊಂದೇ ಅಲ್ಲ. ಅದಕ್ಕೆ ಮೊದಲೇ, 1921ರಲ್ಲಿ, ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದು ಎರಡು ಧರ್ಮಗಳ ನಡುವೆ ಮಾತುಕತೆಯ ದಾರಿ ತೆರೆದಿದ್ದರು. ಮುಂದೆ ಶರಣರ ವಚನಗಳತ್ತ ತಿರುಗಿ ಸಿದ್ಧರಾಮ, ಆದಯ್ಯ, ಮೋಳಿಗೆ ಮಾರಯ್ಯರ ಸಾಹಿತ್ಯವನ್ನು ಸಂಪಾದಿಸಿದರು. ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಪುಸ್ತಕ ಬರೆದರು. 1949ರಲ್ಲಿ ಗುಲಬರ್ಗಾದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಒಲಿಯಿತು. ನಾಡು ಅವರನ್ನು ‘ತಿರುಳ್ಗನ್ನಡ ತಿರುಕ’ ಎಂದು ಕರೆಯಿತು. ತಿರಿದು ತಿಂದ ಕವಿಯ ಮಾತುಗಳನ್ನು ಮನೆಮನೆ ತಿರುಗಿ ಕೂಡಿಸಿದವರಿಗೆ ಅದಕ್ಕಿಂತ ಒಪ್ಪುವ ಬಿರುದು ಇರಲಾರದು. ಅವರು 1962ರಲ್ಲಿ ತೀರಿಕೊಂಡರು.

ಅಬಲೂರಿನಿಂದ ಹೊರಟ ಹೆಸರು ಆಮೇಲೆ ನಾಡಿನ ಗಡಿಯನ್ನೂ ದಾಟಿತು. ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಬಹಳ ವರ್ಷ ಮುಸುಕಿನಲ್ಲೇ ಇತ್ತು. ಎರಡು ರಾಜ್ಯಗಳ ನಡುವಿನ ಕಾವೇರಿಯ ಕಹಿ ಅದಕ್ಕೆ ಅಡ್ಡ ನಿಂತಿತ್ತು. 2009ರ ಆಗಸ್ಟ್ 9ರಂದು ಅದರ ಅನಾವರಣವಾಯಿತು. ನಾಲ್ಕು ದಿನಗಳಾದ ಮೇಲೆ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆಯ ಅನಾವರಣ ನಡೆಯಿತು. ಕರ್ನಾಟಕ ಸರ್ಕಾರ ಪ್ರತಿವರ್ಷ ಫೆಬ್ರವರಿಯಲ್ಲಿ ಸರ್ವಜ್ಞ ಜಯಂತಿ ಆಚರಿಸುತ್ತದೆ. ಶಾಲೆಯ ಪಠ್ಯಗಳಲ್ಲಿ ಅವನಿಗೆ ಜಾಗ ತಪ್ಪಿಲ್ಲ. ಅವನ ಅಳತೆಯಲ್ಲಿ ಹೊಸ ಮೂರು ಸಾಲು ಕಟ್ಟಿ ಕೊನೆಗೆ ಅವನ ಅಂಕಿತ ಸೇರಿಸುವ ರೂಢಿಯೂ ಕನ್ನಡಿಗರಲ್ಲಿ ನಿಂತಿಲ್ಲ.